ಅಚ್ಚುಕೂಟದಲ್ಲಿ ಕಡ್ಡಾಯ ವಿಶ್ರಾಂತಿ

ಅಚ್ಚುಕೂಟದಲ್ಲಿ ನಗೆಪಾಟಲಿನ ಸಂಗತಿಗಳು ಎಂದೂ ನಿಲ್ಲುವುದಿಲ್ಲ. ಅವನ್ನು ನಿಲ್ಲಿಸಲು ನಾನೇ ವರ್ಷಗಟ್ಟಲೆ ಪ್ರಯತ್ನಿಸಿದ್ದೇನೆ, ಆದ್ದರಿಂದ ಅಧಿಕಾರವಾಣಿಯಿಂದ ಹೇಳಬಲ್ಲೆ. ಅವುಗಳಲ್ಲಿ ಆರನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಇವುಗಳಲ್ಲಿ ಬರುವ ಜನರಿಗೆ ನಾನು ಋಣಿ. ಆಗ ಹೇಳಲಿಲ್ಲ, ಕೆಲಸದ ವೇಳೆಯಲ್ಲಿ ಧನ್ಯವಾದ ಹೇಳುವುದು ನನ್ನ ಪದ್ಧತಿಯಾಗಿರಲಿಲ್ಲ. ಈಗ ಕೆಲಸವಿಲ್ಲ, ಹೇಳುತ್ತೇನೆ.

೧. ರಾಜೀನಾಮೆಯ ಪ್ರೂಫ್

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹಿಂದೂಪುರದ ಒಂದು ಖಾಸಗಿ ಅಚ್ಚುಕೂಟಕ್ಕೆ ನಾನು ಮ್ಯಾನೇಜರು. ತೆಲುಗು, ಕನ್ನಡ ಎರಡನ್ನೂ ಮುದ್ರಿಸುತ್ತಿದ್ದೆವು. ಆಗ ಎಲ್ಲವೂ ಕೈಕೆಲಸ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕಂಪೋಸಿಟರುಗಳು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಿದ್ದರು. ನಿಲ್ಲಬೇಕೆಂಬುದು ನನ್ನ ಆಜ್ಞೆ. ಗೋಡೆಯ ಮೇಲೆ ಒಂಬತ್ತು ನಿಯಮಗಳನ್ನು ಅಚ್ಚು ಹಾಕಿಸಿ ಅಂಟಿಸಿದ್ದೆ. ಮೊದಲನೆಯದು: ಕೆಲಸದ ವೇಳೆಯಲ್ಲಿ ಕೂರತಕ್ಕದ್ದಲ್ಲ. ಒಂಬತ್ತನೆಯದು: ಮೇಲ್ಕಂಡ ನಿಯಮಗಳನ್ನು ಓದಿ ನಿಟ್ಟುಸಿರು ಬಿಡತಕ್ಕದ್ದಲ್ಲ.

ಒಂದೇ ವರ್ಷದಲ್ಲಿ ಇಬ್ಬರು ಕಂಪೋಸಿಟರುಗಳು ದಣಿದು ಕೆಲಸ ಬಿಟ್ಟರು. ಮೂರನೆಯವನು ಅತ್ಯಂತ ಶಿಸ್ತಿನ ಮನುಷ್ಯ. ರಾಜೀನಾಮೆಯನ್ನು ಕೈಯಲ್ಲಿ ಬರೆಯಲಿಲ್ಲ. ಅಚ್ಚುಮೊಳೆಯಲ್ಲಿ ಜೋಡಿಸಿ, ಒಂದು ಪ್ರತಿ ತೆಗೆದು, ನನ್ನ ಮೇಜಿನ ಮೇಲಿಟ್ಟ. ಮೇಜಿನ ಮೇಲೆ ಬಂದ ಕಾಗದವನ್ನು ತಿದ್ದುವುದು ನನ್ನ ಅಭ್ಯಾಸ. 'ವಿಶ್ರಾಂತಿ' ಎಂಬ ಪದದಲ್ಲಿ ಒತ್ತಕ್ಷರ ಬಿಟ್ಟುಹೋಗಿತ್ತು. ಒಂದು ಕಡೆ ಅಲ್ಪವಿರಾಮ ಹೆಚ್ಚಾಗಿತ್ತು. ಎರಡನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿ ಹಿಂದಕ್ಕೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಎರಡನೆಯ ಪ್ರೂಫ್ ತಂದ. ನಿರ್ದೋಷವಾಗಿತ್ತು. "ಮುದ್ರಿಸಬಹುದು" ಎಂದು ಬರೆದು ರುಜು ಹಾಕಿದೆ.

ಅವನು ಹೋದ ಮೇಲೆಯೇ ಅದು ಏನೆಂದು ನಾನು ಓದಿದ್ದು.

೨. ಎರಡು ಲಿಪಿಯ ಲಗ್ನಪತ್ರಿಕೆ

ನಮ್ಮ ಮಾಲೀಕರು ಕರಾವಳಿ ಆಂಧ್ರದಿಂದ ಬಂದವರು. ತೆಲುಗು ಬಿಟ್ಟು ಬೇರೆ ಮಾತು ಬಾರದು. ಅವರು ನನ್ನನ್ನು ಕರೆಸಿದರು. ಅವರ ಮಾತನ್ನು ಕನ್ನಡದಲ್ಲಿ ಕೊಡುತ್ತೇನೆ.

"ಮ್ಯಾನೇಜರ್‌ಗಾರು, ಮಿಷನ್ನು ಕೆಟ್ಟರೆ ಮದ್ರಾಸಿನಿಂದ ಬಿಡಿಭಾಗ ತರಿಸುತ್ತೇನೆ. ಮನುಷ್ಯರು ಕೆಟ್ಟರೆ ಎಲ್ಲಿಂದ ತರಿಸಲಿ? ನೀವು ಕಲ್ಯಾಣದುರ್ಗದ ಶಾಖೆಗೆ ಹೋಗಿ. ಅಲ್ಲಿರುವವರು ಮೂರೇ ಜನ. ಸುಸ್ತಾಗಿ ಅಲ್ಲಿಂದ ಇನ್ನೊಬ್ಬರು ಬಿಟ್ಟುಹೋದರೂ ಶಾಖೆ ಮುಚ್ಚುತ್ತೇನೆ. ನಿಮ್ಮ ಕೆಲಸವೂ ಅಲ್ಲಿಗೇ ಮುಗಿಯಿತು."

ಒಂಬತ್ತು ನಿಯಮಗಳನ್ನು ಸುರುಳಿ ಸುತ್ತಿಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಅಲ್ಲಿದ್ದ ಮೂವರೆಂದರೆ: ಐವತ್ತು ದಾಟಿದ ಹಿರಿಯ ಕಂಪೋಸಿಟರು, ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರದವನು, ಹಾಳೆ ಮಡಿಚಿ ಹೊಲಿಯುವ ಬೈಂಡಿಂಗ್ ಅಮ್ಮ. ಹಿರಿಯರು ಒಕ್ಕಲುಮನೆಯವರು. ಆ ಊರಿನಲ್ಲಿ ತೆಲುಗು, ಕನ್ನಡ ಎರಡನ್ನೂ ಜೋಡಿಸಬಲ್ಲವರು ಅವರೊಬ್ಬರೇ.

ನಾನು ಹೋದದ್ದು ಮದುವೆಯ ಕಾಲದಲ್ಲಿ. ಹಿರಿಯರು ದಿನಕ್ಕೆ ಹತ್ತು ಗಂಟೆ ನಿಂತರು. ಮುದ್ರಣ ಮುಗಿದ ಮೇಲೆ ಅಚ್ಚುಮೊಳೆಗಳನ್ನು ಮತ್ತೆ ಅವುಗಳ ಮನೆಗಳಿಗೆ ಹಂಚಬೇಕು. ಕನ್ನಡಕ್ಕೊಂದು ಮರದ ಪೆಟ್ಟಿಗೆ, ತೆಲುಗಿಗೊಂದು. ಎರಡು ಲಿಪಿಗಳೂ ಅಕ್ಕತಂಗಿಯರಂತಿವೆ. ತಲೆಕಟ್ಟು ನೋಡಿಯೇ ಬೇರ್ಪಡಿಸಬೇಕು. ದಣಿದ ಬೆರಳಿಗೆ ತಲೆಕಟ್ಟು ತಿಳಿಯಲಿಲ್ಲ. ತೆಲುಗಿನವು ಕನ್ನಡದ ಪೆಟ್ಟಿಗೆ ಸೇರಿದವು. ಒಂದು ಲಗ್ನಪತ್ರಿಕೆ ಅರ್ಧ ಕನ್ನಡ, ಅರ್ಧ ತೆಲುಗು ಆಗಿ ಅಚ್ಚಾಯಿತು. ಅದನ್ನು ನೋಡಬೇಕಾದವನು ನಾನು. ನೋಡಲಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ಪರೀಕ್ಷಿಸುತ್ತಿದ್ದೆ.

ಹಿರಿಯರು ಕೈ ಒರೆಸಿಕೊಂಡು ನನ್ನ ಮುಂದೆ ನಿಂತರು.

"ನಿಮ್ಮೇಲೆ ಬೇಜಾರಿಲ್ಲ ಸಾರ್. ಬೆರಳೇ ನನ್ ಮಾತು ಕೇಳ್ತಿಲ್ಲ. ಹಿಂಗೇ ಆದ್ರೆ ಮುಂದಿನ ತಿಂಗ್ಳಿಂದ ಬರಾಕಾಗಲ್ಲ. ಊರಾಗೆ ಹೊಲ ಐತೆ, ಅದನ್ನೇ ನೋಡ್ಕೊಂಡು ಇದ್ಬುಡ್ತೀನಿ."

ಮಾಲೀಕರು ಹೇಳಿದ್ದ 'ಇನ್ನೊಬ್ಬರು' ನನ್ನ ಎದುರಿಗೇ ನಿಂತಿದ್ದರು. ಅವರು ಹೋದರೆ ಶಾಖೆ ಇಲ್ಲ. ಟ್ರೆಡಲಿನವನಿಗೂ ಬೈಂಡಿಂಗ್ ಅಮ್ಮನಿಗೂ ನನಗೂ ಅನ್ನವಿಲ್ಲ. ಅದೇ ಗಳಿಗೆಯಲ್ಲಿ ಲಗ್ನಪತ್ರಿಕೆ ಒಯ್ಯಲು ಹೆಣ್ಣಿನ ತಂದೆ ಬಂದರು. ಒಂದು ಪ್ರತಿ ಎತ್ತಿ ಬಹಳ ಹೊತ್ತು ನೋಡಿದರು. ಜೀವಮಾನದಲ್ಲಿ ಮೊದಲ ಸಲ ಕ್ಷಮೆ ಕೇಳಲು ಗಂಟಲು ಸರಿಮಾಡಿಕೊಂಡೆ.

ಅವರು ತಲೆಯೆತ್ತಿ, "ಇದ್ಯಾರ ಐಡಿಯಾ ಸಾಮಿ? ನಾವು ಕನ್ನಡದೋರು, ಬೀಗ್ರು ತೆಲುಗ್ನೋರು. ಇಬ್ರಿಗೂ ಒಂದ್ರಾಗೇ ಆಗೋಯ್ತು. ಇನ್ನೊಂದು ನೂರು ಹಾಕ್ಬುಡಿ!" ಎಂದರು.

೩. ವಿಶ್ರಾಂತಿ ರಿಜಿಸ್ಟರು

ಹಿರಿಯರನ್ನು ಉಳಿಸಿಕೊಳ್ಳಬೇಕು. ಅದಕ್ಕೆ ವಿಶ್ರಾಂತಿ ಕೊಡಬೇಕು. ಕೊಡುವುದಾದರೆ ಕ್ರಮಬದ್ಧವಾಗಿ ಕೊಡಬೇಕು. ಒಂಬತ್ತು ನಿಯಮಗಳನ್ನು ಕಿತ್ತು ಒಂದೇ ಒಂದನ್ನು ಅಂಟಿಸಿದೆ: ಬೆಳಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರೂವರೆಗೆ, ಗಂಟೆ ಬಾರಿಸಿದ ಕೂಡಲೇ ಸಿಬ್ಬಂದಿಯು ಹದಿನೈದು ನಿಮಿಷ ಕಡ್ಡಾಯವಾಗಿ ವಿಶ್ರಮಿಸತಕ್ಕದ್ದು. ಇದಕ್ಕಾಗಿ ಒಂದು ರಿಜಿಸ್ಟರನ್ನೂ ಇಟ್ಟೆ. ಅಂಕಣಗಳು ನಾಲ್ಕು: ಕುಳಿತವರ ಹೆಸರು, ಕುಳಿತ ವೇಳೆ, ಎದ್ದ ವೇಳೆ, ರುಜು.

ಮೊದಲ ದಿನ ಗಂಟೆ ಬಾರಿಸಿದೆ. ಮೂವರೂ ಬೆಂಚಿನ ಮೇಲೆ ಸಾಲಾಗಿ ಕುಳಿತರು. ನಾನು ಎದುರಿಗೆ ಗಡಿಯಾರ ಹಿಡಿದು ನಿಂತೆ.

ಎರಡು ನಿಮಿಷ ಯಾರೂ ಉಸಿರಾಡಲಿಲ್ಲ.

"ಬೆನ್ನು ಸಡಿಲ ಬಿಡಿ," ಎಂದೆ.

ಬಿಟ್ಟರು.

"ಟ್ರೆಡಲಿನವನು ಕಾಲು ಅಲುಗಿಸುತ್ತಿದ್ದಾನೆ. ಅದು ವಿಶ್ರಾಂತಿಯಲ್ಲ."

"ಅದು ತಾನೇ ಅಲ್ಲಾಡ್ತೈತೆ ಸಾರ್," ಎಂದ ಅವನು. "ಬೆಳಿಗ್ಗೆಯಿಂದ ತುಳ್ದು ತುಳ್ದು ಅದ್ಕೆ ನಿಲ್ಲಾದೇ ಮರ್ತೋಗ್ಬುಟ್ಟೈತೆ."

"ನಿಲ್ಲಿಸಬೇಕು."

ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡ. ಬೈಂಡಿಂಗ್ ಅಮ್ಮ ಎಲೆಯಡಿಕೆಗೆ ಸೊಂಟದ ಚೀಲ ಮುಟ್ಟಿದರು. ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದರು. ಹಿರಿಯರ ಹಣೆಯಲ್ಲಿ ಬೆವರು ಕಾಣಿಸಿತು. ಹದಿನೈದು ನಿಮಿಷವಾಯಿತು. ಗಂಟೆ ಬಾರಿಸಿದೆ. ರುಜು ಹಾಕಿಸಿಕೊಂಡೆ.

ಟ್ರೆಡಲಿನವನು ಎದ್ದು ಮೈ ಮುರಿದು, "ಅಬ್ಬಾ, ಮುಗೀತಲ್ಲ! ಬನ್ನಿ ಅಣ್ಣಾ, ಒಸಿ ಹೊತ್ತು ಕೆಲ್ಸ ಮಾಡಿ ಸುಸ್ತು ಆರಿಸ್ಕಳಾಣ," ಎಂದ.

೪. ತಲೆಕೆಳಗಾದ ಪತ್ರಿಕೆ

ಸಮಸ್ಯೆ ಎಲ್ಲಿದೆಯೆಂದು ನನಗೆ ತಿಳಿಸಿದವರು ಬೈಂಡಿಂಗ್ ಅಮ್ಮ. ಅಕ್ಷರ ಬಾರದವರು, ಆದರೆ ಇಡೀ ಶಾಖೆಯಲ್ಲಿ ನನ್ನ ಕಣ್ಣು ನೋಡಿ ಮಾತಾಡುತ್ತಿದ್ದವರು ಅವರೊಬ್ಬರೇ.

"ಸಾರ್, ಒಂದ್ ಮಾತು ಹೇಳ್ತೀನಿ, ಕ್ವಾಪ ಮಾಡ್ಕಬ್ಯಾಡಿ. ನೀವು ಎದ್ರಿಗಿದ್ರೆ ನಾವು ಮಲಗಿದ್ರೂ ನಿಂತಂಗೇ ಲೆಕ್ಕ. ಆ ಟೈಮ್ನಾಗೆ ನೀವೂ ಎಲ್ಲಾದ್ರೂ ಹೋಗ್ಬುಡಿ."

"ಎಲ್ಲಿಗೆ?"

"ಎಲ್ಲಿಗಾದ್ರೂ ಸರಿ ಸಾರ್. ನಾವ್ಯಾರೂ ಕೇಳಾಕಿಲ್ಲ."

ಅಂದಿನಿಂದ ಗಂಟೆ ಬಾರಿಸಿ ಒಳಗಿನ ಕಾಗದದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ರಿಜಿಸ್ಟರು ನಿಂತಿತು. ಒಂದು ವಾರದಲ್ಲಿ ಹೊರಗಿನಿಂದ ನಗು ಕೇಳಿಸತೊಡಗಿತು. ಎರಡು ವಾರದಲ್ಲಿ ಪ್ರೂಫಿನ ತಪ್ಪುಗಳು ಅರ್ಧಕ್ಕಿಳಿದವು. ಹಿರಿಯರು ಹೊಲದ ಮಾತು ಎತ್ತಲಿಲ್ಲ.

ವಿಶ್ರಾಂತಿಯ ಹೊತ್ತಿನಲ್ಲಿ ಅವರು ಪತ್ರಿಕೆ ಹಿಡಿಯುತ್ತಿದ್ದರು, ಅದೂ ತಲೆಕೆಳಗಾಗಿ. ಮೂವತ್ತು ವರ್ಷ ಅಚ್ಚುಮೊಳೆಯನ್ನು ತಲೆಕೆಳಗಾಗಿ ಓದಿದ ಕಣ್ಣು. ನೆಟ್ಟಗಿನ ಅಕ್ಷರವೇ ಅದಕ್ಕೆ ಪ್ರಯಾಸ. ಇದು ತಿಳಿಯದ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಅವರನ್ನೇ ನೋಡಿದ. ಚಿಲಮತ್ತೂರಿನ ಕಡೆಯ ಹೋಟೆಲಿನವನು, ಹೊಸದಾಗಿ ಹಣ ಕಂಡವನು. ನಾನು ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ.

"ಏನಣ್ಣಾ, ಪೇಪರ್ ಉಲ್ಟಾ ಹಿಡ್ಕಂಡಿದೀಯಾ! ಪ್ರೆಸ್ನಾಗಿದ್ಕೊಂಡು ನಾಲ್ಕಕ್ಷರ ಕಲೀಬಾರ್ದಾ?"

ಹಿರಿಯರು ಪತ್ರಿಕೆಯಿಂದ ಕಣ್ಣು ತೆಗೆಯದೆ, "ಕಲೀತಾ ಅವ್ನಿ ಕಣಪ್ಪ. ಮೂರ್ನೇ ಕಾಲಮ್ನಾಗೆ ನಿನ್ನ ಓಟ್ಲು ಅಡ್ವರ್ಟೈಜ್ಮೆಂಟ್ ಐತೆ. 'ಊಟ' ಅಂಬಾದ್ರಾಗೆ 'ಊ' ಬಿದ್ದೋಗಿ ಬರೀ 'ಟ' ಉಳ್ಕಂಡೈತೆ. ಬಂದೋರ್ಗೆ ಏನ್ ಬಡಿಸ್ತೀಯ?" ಎಂದರು.

೫. ಅಳಿಸಬೇಕಾದ ಮಕ್ಕಳು

ಮೂವರೂ ಸುಧಾರಿಸಿಕೊಂಡರು. ಅವರ ವಿಶ್ರಾಂತಿಯಿಂದ ಉಳಿದ ಕೆಲಸ ಎಲ್ಲಿಗೆ ಹೋಯಿತು? ನನ್ನ ಮೇಲೆ ಬಂತು. ಅಚ್ಚುಮೊಳೆ ಹಂಚುವುದು, ಪ್ರೂಫ್ ನೋಡುವುದು, ಶಾಯಿ ಕಲಸುವುದು, ಎಲ್ಲವನ್ನೂ ನಾನೇ ಮಾಡತೊಡಗಿದೆ. ನನ್ನ ಸಂಸಾರ ಸೆಟ್ಟೂರಿನ ಕಡೆಯ ನಮ್ಮ ಹಳ್ಳಿಯಲ್ಲಿತ್ತು; ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಭಾನುವಾರ ಹೋಗುತ್ತಿದ್ದವನು ಅದನ್ನೂ ಬಿಟ್ಟೆ. ಕಡ್ಡಾಯ ವಿಶ್ರಾಂತಿ ಸಿಬ್ಬಂದಿಗೆ ಎಂದು ನಿಯಮವಿತ್ತು. ಮ್ಯಾನೇಜರಿಗೆ ಎಂದು ಇರಲಿಲ್ಲ. ನಿಯಮ ಬರೆದವನು ನಾನೇ ಆದ್ದರಿಂದ ಅದನ್ನು ಮೀರಲು ಮನಸ್ಸು ಬರಲಿಲ್ಲ.

ಲಕ್ಷಣಗಳು ಕಾಣಿಸಿಕೊಂಡವು. ರಸ್ತೆಯಲ್ಲಿ ಒಬ್ಬರು "ನಮಸ್ಕಾರ, ಚೆನ್ನಾಗಿದ್ದೀರಾ?" ಎಂದು ಕೇಳಿದಾಗ "ನಾಳೆ ಸಂಜೆ ಕೊಡುತ್ತೇನೆ" ಎಂದೆ. ಹೋಟೆಲಿನ ತಿಂಡಿಯ ಹಲಗೆಯಲ್ಲಿ 'ಇಡ್ಲಿ'ಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಬಂದೆ. ಆ ದಿನ ಅಲ್ಲಿ ಇಡ್ಲಿ ಮುಗಿದಿದೆಯೆಂದು ಜನ ತಿರುಗಿ ಹೋದರಂತೆ. ನನಗೆ ಆ ನೆನಪೇ ಇರಲಿಲ್ಲ.

ಬಸ್ಸಿನ ಕಂಡಕ್ಟರರ ಕೈಯಲ್ಲಿ ಮನೆಗೆ ಪತ್ರ ಕಳಿಸಿದೆ. ಮರುದಿನ ಅದೇ ಬಸ್ಸಿನಲ್ಲಿ ನನ್ನ ಹೆಂಡತಿಯ ಉತ್ತರ ಬಂತು. ಅದನ್ನು ಯಥಾವತ್ತಾಗಿ ಕೊಡುತ್ತೇನೆ.

"ನಿಮ್ಮ ಕಾಗದ ತಲುಪಿತು. ಅದರಲ್ಲಿ ಮಕ್ಕಳಿಬ್ಬರ ಹೆಸರಿನ ಮೇಲೂ ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ಅಳಿಸಿ' ಎಂದು ಬರೆದಿದ್ದೀರಿ. ಯಾಕೆಂದು ತಿಳಿಯಲಿಲ್ಲ. ನೀವು ಬಂದು ಹೇಳುವ ತನಕ ಇಬ್ಬರನ್ನೂ ಹಾಗೇ ಇಟ್ಟುಕೊಂಡಿದ್ದೇನೆ."

೬. ಊರಿಗೆ

ಆ ಪತ್ರವನ್ನು ನಾನು ಮೇಜಿನ ಮೇಲೆ ಬಿಟ್ಟಿದ್ದೆ. ಹಿರಿಯರು ಓದಿದರು. ಸ್ವಾಭಾವಿಕವಾಗಿ ತಲೆಕೆಳಗಾಗಿ, ಮೇಜಿನ ಆಚೆ ನಿಂತು. ಮೂವರೂ ಒಟ್ಟಾಗಿ ನನ್ನ ಮುಂದೆ ಬಂದರು. ಮಾತಾಡಿದವರು ಬೈಂಡಿಂಗ್ ಅಮ್ಮ.

"ಸಾರ್, ಇಲ್ಲಿಂದ ಇನ್ನೊಬ್ರು ಸುಸ್ತಾಗಿ ಬಿಟ್ಟೋದ್ರೆ ಬಾಗ್ಲು ಹಾಕ್ತೀನಿ ಅಂತ ಓನರ್ ನಿಮ್ಗೆ ಅಂದಿದ್ದು ನಮ್ ಕಿವಿಗೂ ಬಿದ್ದೈತೆ, ಆ ಇನ್ನೊಬ್ರು ನೀವೇ ಆಗ್ಬುಟ್ರೆ? ನಾವೇನ್ ಮಾಡಾಣ? ಎಲ್ಡು ದಿನ ಊರಿಗೆ ಹೋಗಿ ಬನ್ನಿ."

"ಪ್ರೂಫ್ ಯಾರು ನೋಡುತ್ತಾರೆ?"

"ನಾನು ನೋಡ್ತೀನಿ ಸಾರ್," ಎಂದರು ಹಿರಿಯರು.

"ಗಂಟೆ ಯಾರು ಬಾರಿಸುತ್ತಾರೆ?"

"ಅದನ್ನ ನಾನು ನೋಡ್ಕೊಂತೀನಿ," ಎಂದ ಟ್ರೆಡಲಿನವನು. ನನ್ನ ಚೀಲ ಆಗಲೇ ಅವನ ಹೆಗಲಿನಲ್ಲಿತ್ತು. ಬಸ್ಸು ಹತ್ತಿಸಿ, ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದ; ನಾನು ಇಳಿದುಬಿಡುವೆನೆಂಬ ಗುಮಾನಿ ಇದ್ದಿರಬೇಕು.

ಅಂದೇ ಮಧ್ಯಾಹ್ನ ಹಿಂದೂಪುರದಿಂದ ಮಾಲೀಕರ ಫೋನು ಬಂತು. ಎತ್ತಿದವರು ಹಿರಿಯರು. ಮುಂದಿನದು ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ತೆಲುಗಿನಲ್ಲಿ 'ಊರಿಕೆ' ಎಂದರೆ 'ಸುಮ್ಮನೆ, ಯಾವ ಕಾರಣವೂ ಇಲ್ಲದೆ'. ನಮ್ಮ ಗಡಿಯ ಜನ ತೆಲುಗು ಮಾತಾಡುವಾಗ ನಡುನಡುವೆ ಕನ್ನಡದ ಬಾಲ ಸೇರಿಸುತ್ತಾರೆ. 'ಊರಿಗೆ' ಎಂಬ ಕನ್ನಡದ ಮಾತು ಗೊರಗೊರ ಎನ್ನುವ ಆ ಕಾಲದ ಫೋನಿನಲ್ಲಿ ಹೇಗೆ ಕೇಳಿಸಿರಬಹುದೆಂದು ಊಹಿಸಿ.

"ಮ್ಯಾನೇಜರ್‌ಗಾರು ಎಕ್ಕಡ?" ಎಲ್ಲಿ ಎಂದು ಕೇಳಿದರು ಮಾಲೀಕರು.

"ಊರಿಗೆ ಪೋಯಿನಾರು ಸಾರ್," ಎಂದರು ಹಿರಿಯರು; ಊರಿಗೆ ಹೋದರು ಎಂದು.

"ಊರಿಕೆ ಹೋದರಾ? ಕಾರಣ ಇಲ್ಲದೆ ಯಾರಾದರೂ ಹೋಗುತ್ತಾರಾ? ಯಾಕೆ ಹೋದರು?"

"ಊರಿಗೆ ಸಾರ್, ಊರಿಗೆ!"

"ಜಗಳವೇನಾದರೂ ಆಯಿತಾ?"

"ಲೇದು ಸಾರ್, ಅದೇನಿಲ್ಲ. ಬಾಗಾ ಸುಸ್ತಾಗಿದ್ರು. ಊರಿಗೇ ಪೋಯಿನಾರು!"

ಮಾಲೀಕರು ಫೋನು ಇಟ್ಟುಬಿಟ್ಟರು. ಅವರಿಗೆ ಅರ್ಥವಾದದ್ದು ಇಷ್ಟು: ಮ್ಯಾನೇಜರು ಸುಸ್ತಾಗಿ, ಯಾರಿಗೂ ಕಾರಣ ಹೇಳದೆ ಕೆಲಸ ಬಿಟ್ಟುಹೋದರು.

ಮರುದಿನ ಬೆಳಗ್ಗೆಯೇ ಜೀಪು ಹತ್ತಿ ಕಲ್ಯಾಣದುರ್ಗಕ್ಕೆ ಬಂದರು. ಶಾಖೆ ಮುಚ್ಚಬೇಕೋ ಬೇಡವೋ ನೋಡಲು ಒಳಗೆ ಹೊಕ್ಕರೆ, ಟ್ರೆಡಲು ಓಡುತ್ತಿದೆ, ಪ್ರೂಫ್ ಸಿದ್ಧವಾಗಿದೆ, ಗಂಟೆಯೂ ಸರಿಯಾಗಿ ಹನ್ನೊಂದಕ್ಕೆ ಬಾರಿಸಿತು. ವಿಳಾಸ ಕೇಳಿಕೊಂಡು ನೇರ ನಮ್ಮ ಹಳ್ಳಿಗೆ ಬಂದರು.

ನಾನು ಜಗುಲಿಯ ಮೇಲೆ ಬನಿಯನ್ನಿನಲ್ಲಿ ಮಲಗಿದ್ದೆ. ನಡುಹಗಲು. ಬಂದ ದಿನ ಊಟ ಮಾಡಿ ಮಲಗಿದವನು ಮಧ್ಯೆ ಊಟಕ್ಕಷ್ಟೇ ಎದ್ದಿದ್ದೆ.

"ಮ್ಯಾನೇಜರ್‌ಗಾರು! ಯಾರೇನಂದರು? ಬೇರೆ ಪ್ರೆಸ್ಸಿನವರು ಕರೆದರಾ? ಯಾಕೆ ಬಂದುಬಿಟ್ಟಿರಿ?"

ಅರೆನಿದ್ದೆಯಲ್ಲಿ ಎದ್ದು ನಿಂತೆ. ಬಾಯಿಗೆ ಬಂದದ್ದು ಕನ್ನಡ. "ಊರಿಗೆ ಸಾರ್."

ಮಾಲೀಕರು ಹಣೆ ಬಡಿದುಕೊಂಡರು. "ಮಳ್ಳೀ ಊರಿಕೆ! ಮತ್ತೆ ಅದೇ ಊರಿಕೆ! ಎಲ್ಲರೂ ಊರಿಕೆ ಅಂತೀರಿ!"

ಒಳಗಿನಿಂದ ನನ್ನ ಹೆಂಡತಿ ಬಂದಳು. ಅವಳ ತೆಲುಗು ನನ್ನದಕ್ಕಿಂತ ಶುದ್ಧ. "ಊರಿಕೆ ಅಲ್ಲ ಸಾರ್, ಊರಿಗೆ. ಇದೇ ನಮ್ಮ ಊರು. ರಜೆಗೆ ಬಂದಿದ್ದಾರೆ, ನಾಳೆ ಹೋಗುತ್ತಾರೆ," ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದಳು.

ಮಾಲೀಕರು ಜಗುಲಿಯ ಮೇಲೆ ಕುಸಿದು ಕುಳಿತರು. ಬೆವರು ಒರೆಸಿಕೊಂಡು ಕೇಳಿದರು: "ಇಲ್ಲಿ ಏನು ಮಾಡುತ್ತಿದ್ದಿರಿ?"

ನಾನು ಸುಳ್ಳು ಹೇಳುವವನಲ್ಲ. "ನಿದ್ದೆ ಸಾರ್. ಬೇರೇನೂ ಇಲ್ಲ."

"ಅಂದರೆ ಊರಿಕೆ ತಾನೇ?"

ಯೋಚಿಸಿದೆ. "ಹೌದು ಸಾರ್. ಊರಿಗೆ ಬಂದು ಊರಿಕೆ."

ಅವರು ಮೊದಲು ಮುಗುಳ್ನಕ್ಕರು. ಆಮೇಲೆ ಜೋರಾಗಿ ನಕ್ಕರು. "ಶಾಖೆ ಮುಚ್ಚುವ ಮಾತು ಮರೆತುಬಿಡಿ," ಎಂದರು. "ನೀವಿಲ್ಲದೆ ಆ ಮೂವರು ಎಷ್ಟು ಚೆನ್ನಾಗಿ ನಡೆಸುತ್ತಿದ್ದಾರೆಂದು ಈಗ ತಾನೇ ನೋಡಿ ಬಂದೆ." ಅದು ಹೊಗಳಿಕೆಯೋ ಅಲ್ಲವೋ ನನಗೆ ಇಂದಿಗೂ ಖಚಿತವಿಲ್ಲ. ಆ ಮೂವರಿಗಂತೂ ನಾನು ಕೈ ಮುಗಿಯಬೇಕು: ನನ್ನ ಕೆಲಸವನ್ನೂ ನನ್ನನ್ನೂ ಉಳಿಸಿದವರು ಅವರು. ಮಾಲೀಕರು ನಮ್ಮ ಮನೆಯಲ್ಲಿ ಮುದ್ದೆ ಉಂಡರು. ಕೈ ತೊಳೆದು, ಚಾಪೆ ಸಿಕ್ಕೀತೇ ಎಂದು ಕೇಳಿ, ನನ್ನ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದರು.

ಇತ್ತ ಹಿಂದೂಪುರದ ಗುಮಾಸ್ತೆ ಕಲ್ಯಾಣದುರ್ಗಕ್ಕೆ ಫೋನು ಮಾಡಿದ. ಎತ್ತಿದವರು ಮತ್ತೆ ಹಿರಿಯರೇ.

"ನಮ್ಮ ಓನರ್‌ಗಾರು ಎಲ್ಲಿ?"

"ಮ್ಯಾನೇಜರ್ ಊರಿಗೆ ಪೋಯಿನಾರು ಸಾರ್," ಎಂದರು, ಮ್ಯಾನೇಜರರ ಊರಿಗೆ ಎಂಬರ್ಥದಲ್ಲಿ.

"ಮ್ಯಾನೇಜರೂ ಊರಿಕೆ, ಓನರೂ ಊರಿಕೇನಾ?"

"ಹಾ ಸಾರ್. ಇದ್ದರೂ, ಇಬ್ರೂ ಊರಿಗೇ!"

ಗುಮಾಸ್ತೆ ಈ ಸುದ್ದಿಯನ್ನು ಅಚ್ಚುಕೂಟದ ನಡುವೆ ನಿಂತು ಗಟ್ಟಿಯಾಗಿ ಹೇಳಿದನಂತೆ. ದೊಡ್ಡವರಿಬ್ಬರೂ ಕಾರಣವಿಲ್ಲದೆ ಹೋಗಿದ್ದಾರೆ. ಕಂಪೋಸಿಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈಯಲ್ಲಿದ್ದ ಸಾಲು ಮುಗಿಸಿದರು, ಕೈ ತೊಳೆದರು, ದೀಪ ಆರಿಸಿದರು.

ಹೊತ್ತು ಮುಳುಗುವ ಮುಂಚೆ ಮಾಲೀಕರ ಜೀಪು ಹಿಂದೂಪುರ ಮುಟ್ಟಿತು. ಅಚ್ಚುಕೂಟದ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕಾವಲಿನ ಮುದುಕನೊಬ್ಬನೇ ಕುಳಿತಿದ್ದ.

"ಎಲ್ಲರೂ ಎಲ್ಲಿ ಹೋದರಯ್ಯಾ?"

"ಹೋಗ್ಬುಟ್ರು ಸಾರ್."

ಮಾಲೀಕರು ಎರಡು ದಿನದಲ್ಲಿ ಕಲಿತ ವ್ಯಾಕರಣವನ್ನೆಲ್ಲ ಒಟ್ಟುಗೂಡಿಸಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು: "ಊರಿ-ಗೆ-ನಾ? ಊರಿ-ಕೆ-ನಾ?"

ಮುದುಕ ತಲೆ ಕೆರೆದುಕೊಂಡ.

"ವಾಳ್ಳ ಸಂಗತಿ ತೆಲೀದು ಸಾರ್. ಅವರದ್ದು ನಂಗೊತ್ತಿಲ್ಲ. ನಾನು ಮಾತ್ರ ಊರಿಕೆ ಕೂತಿವ್ನಿ."

ಮಾಲೀಕರು ಬೀಗವನ್ನೊಮ್ಮೆ ಎಳೆದು ನೋಡಿದರು. ಆಮೇಲೆ, "ಸ್ವಲ್ಪ ಜರುಗಯ್ಯಾ," ಎಂದು ಹೇಳಿ, ಚಪ್ಪಲಿ ಬಿಟ್ಟು ಅವನ ಪಕ್ಕದಲ್ಲೇ ಕುಳಿತರು.